ಮಾವ ತಿಂದ ಬಿಸ್ಕತ್ತು

ಚಿಕ್ಕವಳಿದ್ದಾಗ ಡಬ್ಬಿಯ ಮುಚ್ಚಳ ತೆಗೆದರೆ ಏಳುತ್ತಿದ್ದ ಬೆಣ್ಣೆ ಬಿಸ್ಕತ್ತಿನ ಪರಿಮಳ, ಮೊನ್ನೆ ಮಧ್ಯಾಹ್ನ ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಮಂಪರಿನೊಳಗೆ ತೇಲಿ ಬಂತು. ಕಣ್ಣು ಬಿಟ್ಟರೆ, ಪಕ್ಕದ ಬೆಂಚಿನಲ್ಲಿ ಒಬ್ಬಳು ಒಡೆದ ಪೊಟ್ಟಣ ಹಿಡಿದು ಅಳುತ್ತಿದ್ದಳು. ಒಳಗಿಂದ ಆಗಷ್ಟೇ ಬಂದ ಅವಳ ಅತ್ತೆ ಪಕ್ಕದಲ್ಲಿ ಕೂತರು.

“ತಾರೀಕು ಮುಗಿದಿದ್ದು ನೋಡ್ದೆ ಮಾವಂಗೆ ಕೊಟ್ಬಿಟ್ಟೆ ಅತ್ತೆ. ನನ್ನಿಂದಾನೇ ಅವರಿಗೆ ವಾಂತಿ.”

“ಕೊಡಿಲ್ಲಿ. ಇದು ‘ಬೆಸ್ಟ್ ಬಿಫೋರ್’ ಕಣೇ. ಆಮೇಲೆ ಗರಿಗರಿ ಕಮ್ಮಿ ಆಗ್ಬಹುದು, ಅಷ್ಟೇ. ವಿಷ ಆಗಲ್ಲ.”

“ಸಮಾಧಾನಕ್ಕೆ ಹೇಳ್ತಿದೀರಾ?”

“ಸಮಾಧಾನ ಮಾಡೋಕೆ ನಾನೇನು ನಿಮ್ಮಮ್ಮನಾ? ‘ಯೂಸ್ ಬೈ’ ಅಂತಿದ್ರೆ ಮಾತ್ರ, ದಿನ ದಾಟಿದ್ಮೇಲೆ ಮುಟ್ಟಬಾರ್ದು. ಫ್ರಿಜ್ಜಲ್ಲಿದ್ದ ಹಾಲಿನ ಮೇಲೆ ಹಾಗಿತ್ತು. ಚೆಲ್ಲಿ ಅಂತ ಇವರ ಕೈಗೆ ಕೊಟ್ರೆ, ವಾಸನೆ ಚೆನ್ನಾಗೇ ಇದೆ ಅಂತ ಕುಡಿದ್ರಂತೆ ಮಹಾರಾಯರು! ಈಗ ಡಾಕ್ಟರ್ ಮುಂದೆ ಬಾಯಿಬಿಟ್ರು.”

ಸೊಸೆ ಅಳುತ್ತಲೇ ನಕ್ಕಳು.

“ಹೇಗಿದ್ದಾರೆ ಈಗ?”

“ನನ್ನ ಮೇಲೆ ರೇಗೋವಷ್ಟು ಚೆನ್ನಾಗಿದ್ದಾರೆ. ಬೆಳಗ್ಗಿಂದ ನೀನೇನು ತಿಂದೆ?”

“ಏನೂ ತಿಂದಿಲ್ಲ ಅತ್ತೆ.”

ನರ್ಸ್ ಕರೆದರು. ಅತ್ತೆ ಎದ್ದು, ತಮಗೆಂದು ತಂದಿದ್ದ ಊಟದ ಡಬ್ಬಿಯನ್ನು ಸೊಸೆಯ ಮಡಿಲಲ್ಲಿಟ್ಟು ಒಳಗೆ ನಡೆದರು.