ಎಡಗೆನ್ನೆಯ ಮಸಿ

ನಗೋದಿದ್ರೆ ಈಗಲೇ ನಕ್ಕುಬಿಡಿ. ನಡುವೆ ಯಾರಾದ್ರೂ ಕಿಸಕ್ ಅಂದ್ರೆ ನಾನು ಅಲ್ಲಿಗೇ ನಿಲ್ಲಿಸ್ತೀನಿ, ಆಮೇಲೆ ಕೈಮುಗಿದು ಕೇಳಿದ್ರೂ ಹೇಳಲ್ಲ. ಒಲೆಗೆ ಇನ್ನೊಂದು ಕೊರಡು ಹಾಕಿ. ಆ ಬಾಗಿಲು ಎಳಕೊಳ್ಳಿ... ಹಾಂ.

ಇದು ಎಮರಿಗೆ ಆದದ್ದು. ನನ್ನ ಚಿಕ್ಕಪ್ಪನ ಮಗ ಎಮರಿ. ಲಾರೆಲ್ ಕಣಿವೆಯ ಕೊನೇ ಮನೆಯವನು, ಸಾಮಿಲ್ಲಿನಲ್ಲಿ ಕೆಲಸ. ಸುಳ್ಳು ಹೇಳೋಕೆ ಬರದ ಮನುಷ್ಯ. ಸುಳ್ಳು ಹೇಳಬೇಕಾದ್ರೆ ಸ್ವಲ್ಪ ಬುದ್ಧಿ ಬೇಕು, ಅದು ನಮ್ಮ ಮನೆತನದಲ್ಲಿ ನನಗೊಬ್ಬನಿಗೇ ಬಂದದ್ದು.

ಆ ರಾತ್ರಿ ನಮ್ಮನೆಯಲ್ಲಿ ಬೀನ್ಸೂ ಮೆಕ್ಕೆಜೋಳದ ಬ್ರೆಡ್ಡೂ ತಿಂದು, ಮರ ಉಜ್ಜೋ ನನ್ನ ಸಣ್ಣ ಅರ ಒಂದನ್ನ ಕೇಳಿ ಇಸಕೊಂಡು, ನಡೆದೇ ಹೊರಟ. ಜಿಂಕೆ ಬೇಟೆ ಶುರುವಾಗೋ ಸೋಮವಾರಕ್ಕೆ ಇನ್ನೂ ಕೆಲವು ವಾರ ಇತ್ತು. ಚಳಿ ಆಗಲೇ ಕಚ್ಚೋಕೆ ಶುರುಮಾಡಿತ್ತು. ದಾರಿಯಲ್ಲಿ ಅಜ್ಜನ ಕಾಲದ ಬಾವಿ. ಅದನ್ನ ದಾಟಿದ್ರೆ ಅವನ ಮನೆ.

ಬಾವಿ ಹತ್ತಿರ ಬಂದಾಗ ಕೇಳಿಸ್ತಂತೆ.

ಚರ್... ಚರ್... ಚರ್...

ಮರ ಕೆರೆಯೋ ಸದ್ದು. ಆಮೇಲೆ... ಫೂ. ಕೆರೆದ ಪುಡಿಯನ್ನ ಬಾಯಿಂದ ಊದೋ ಹಾಗೆ. ಚಿಕ್ಕದಾಗಿ, ಎರಡು ಸಲ. ಫೂ... ಫೂ.

ಎಮರಿ ಬ್ಯಾಟರಿ ಬಿಟ್ಟು ನೋಡಿದ. ಬಾವಿಕಟ್ಟೆ. ಅದರ ಸುತ್ತ ಅಕ್ರೋಟದ ಮರಗಳು. ಮರಗಳ ನಡುವೆ ಒಂದು ಗುಂಡಿ. ಯಾರೂ ಇಲ್ಲ. ಬೆಳಕು ಬಿದ್ದದ್ದೇ ಸದ್ದು ನಿಂತುಹೋಗಿತ್ತು. ಬ್ಯಾಟರಿ ಆರಿಸಿದ...

ಚರ್... ಚರ್...

ತಾನು ಓಡಲಿಲ್ಲ ಅಂತಾನೆ. ಓಡಿರ್ತಾನೆ ಬಿಡಿ. ನಾನಾಗಿದ್ರೆ ಚಪ್ಪಲಿ ಅಲ್ಲೇ ಬಿಟ್ಟು ಓಡ್ತಿದ್ದೆ.

ಆ ಗುಂಡಿ ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ಮಗು ಹುಟ್ಟಿದ್ರೆ ಬಾವಿ ಹತ್ತಿರ ಒಂದು ಅಕ್ರೋಟ ನೆಡ್ತೀವಿ. ಆ ಮರ ಆ ಮಗುವಿನದ್ದು. ದೊಡ್ಡವರಾದ ಮೇಲೆ ಕೊಂಬೆ ಕಡಿದು ತೊಟ್ಟಿಲಾದ್ರೂ ಮಾಡ್ಕೊಳ್ಳಲಿ, ಮೇಜಾದ್ರೂ ಮಾಡ್ಕೊಳ್ಳಲಿ. ಬೊಡ್ಡೆ ಮಾತ್ರ ಅವರ ಶವಪೆಟ್ಟಿಗೆಗೆ. ಒಬ್ಬರ ಮರಕ್ಕೆ ಇನ್ನೊಬ್ಬರು ಗರಗಸ ಹಾಕೋ ಹಾಗಿಲ್ಲ.

ಎಮರಿಗೆ ಒಬ್ಬ ಅಣ್ಣ ಇದ್ದ, ಕ್ಲೈಡ್. ಎಡಚ. ನಮ್ಮಲ್ಲಿರೋ ಕೋವಿಗಳೆಲ್ಲ ಬಲಗೈಯವರಿಗೆ ಮಾಡಿದ್ದು. ಪಾಪ, ಅವನು ಹುಟ್ಟಿದಾಗಿಂದ ಇನ್ನೊಬ್ಬರ ಕೋವಿಯಲ್ಲೇ ಸೊಟ್ಟಗೆ ನಿಂತು ಗುರಿ ಹಿಡಿದವನು. ಗುಂಡು ಹಾರಿಸಿದ ಮೇಲೆ ಎಡಗೈಯನ್ನ ಕೋವಿಯ ಮೇಲಿಂದ ಆಚೆ ಚಾಚಿ, ಬಲಮಗ್ಗುಲಲ್ಲಿರೋ, ಖಾಲಿ ತೋಟಾ ಹೊರಹಾಕೋ ಬೋಲ್ಟ್ ಎಳೀತಿದ್ದ. ನಾವೆಲ್ಲ ನಗ್ತಿದ್ವಿ. "ನಗ್ರೋ, ನಗ್ರಿ. ನನ್ನ ಮರ ದಪ್ಪ ಆಗ್ಲಿ, ನನ್ನ ಕೆನ್ನೆಗೇ ಅಂತ ಒಂದು ಕೋವಿ ಮಾಡ್ಕೊಳ್ತೀನಿ" ಅನ್ನೋನು. ಬೇಟೆ ಶುರುವಾದ ಒಂದು ಸೋಮವಾರ, ಬೆಳಗಿನ ಜಾವ ಕಾಡಿಗೆ ಹೋದ. ವಾಪಸ್ ಬರಲಿಲ್ಲ. ಅವನ ಟೋಪಿ ಬಾವಿಕಟ್ಟೆ ಮೇಲಿತ್ತು. ಬಾವಿಗೆ ಪಾತಾಳಗರಡಿ ಹಾಕಿ ಜಾಲಾಡಿದ್ವಿ, ಕಾಡು ಪೂರ್ತಿ ತಿರುಗಿದ್ವಿ. ಹೆಣ ಇಲ್ಲ, ಕೋವಿ ಇಲ್ಲ. ಹೆಣ ಇಲ್ಲದ ಮೇಲೆ ಪೆಟ್ಟಿಗೆ ಎಲ್ಲಿಂದ? ಮರ ಹಾಗೇ ನಿಂತಿತ್ತು.

ಎಮರಿಗೆ ಮಗಳು ಹುಟ್ಟಿದಳು, ಜೂನಿ. ಮಗಳ ಮೊದಲ ಬೇಟೆಗೆ ತಾನೇ ಕೈಯಾರೆ ಕೋವಿ ಹೊಂದಿಸಿ ಕೊಡಬೇಕು ಅಂತ ಅವನಿಗೆ ಹುಚ್ಚು. ನಳಿಗೆ, ಬೋಲ್ಟು ಎಲ್ಲ ಅಜ್ಜನ ಹಳೇ ರೈಫಲ್ಲಿನದ್ದು. ಮಿಕ್ಕಿದ್ದೆಲ್ಲ ಮನೆಯಲ್ಲೇ. ಕೋವಿ ನೇತುಹಾಕೋ ಪಟ್ಟಿಯ ಬಳೆ ತಾನೇ ಬಗ್ಗಿಸಿದ, ಹೆಗಲಿಗೆ ತಾಗೋ ಬಿಲ್ಲೆಯನ್ನ ಜಿಂಕೆ ಕೊಂಬಿನಲ್ಲಿ ಅರ ಹಾಕಿ ಮಾಡಿದ. ಇನ್ನು ಮರ... ಹೆಗಲಿಗೆ ಕೊಟ್ಟು ಕೆನ್ನೆ ಒರಗಿಸೋ ಆ ಮರ. ಅದಕ್ಕೆ ಅಕ್ರೋಟದ ಬುಡವೇ ಬೇಕು. ಬೇರಿನ ಹತ್ತಿರ ಗೆರೆ ಚೆನ್ನಾಗಿರುತ್ತೆ, ಹೊಗೆ ಸುತ್ತಿದ ಹಾಗೆ. ಎಮರಿಯ ಸ್ವಂತ ಮರ ಟೊಳ್ಳು. ಜೂನಿದು ಇನ್ನೂ ಕೋಲಿನಷ್ಟು.

ಅಣ್ಣನ ಮರ ಬುಡಸಮೇತ ಅಗೆದ. ಆ ಗುಂಡಿ ಅದರದ್ದೇ.

ಅವನ ಹೆಂಡತಿ ಓಪಲ್ ಬೇಡ ಅಂದಿದ್ದಳು. "ಅದು ಕ್ಲೈಡನ ಪೆಟ್ಟಿಗೆ ಮರ ಕಣ್ರೀ."

"ಹೆಣವೇ ಸಿಗದವನಿಗೆ ಪೆಟ್ಟಿಗೆ ಯಾಕೆ? ಬಂದು ಕೇಳ್ತಾನಾ?"

ಹಲಗೆ ಸೀಳಿ, ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿಸಿದ. ಅಲ್ಲಿಯವರೆಗೆ ಏನೂ ಆಗಲಿಲ್ಲ. ಜೂನಿ ಹನ್ನೆರಡಕ್ಕೆ ಕಾಲಿಟ್ಟಳು, ಇವನು ಉಳಿ ಹಿಡಿದ. ಅದೇ ವರ್ಷದ ಮಾತು ನಾನು ಹೇಳ್ತಿರೋದು.

ಕೆನ್ನೆಗೆ ಮರ ಹೊಂದಿಸೋಕೆ ನಮ್ಮ ಅಜ್ಜನದ್ದೊಂದು ಉಪಾಯ ಇತ್ತು. ಸೀಮೆಎಣ್ಣೆ ದೀಪದ ಮಸಿ ತೆಗೆದು ಕೆನ್ನೆಗೆ ಬಳಿಯೋದು. ಕಣ್ಣು ಮುಚ್ಚಿ ಖಾಲಿ ಕೋವಿ ಎತ್ತಿ ಹೆಗಲಿಗೆ ಕೊಡೋದು. ಮರದ ಮೇಲೆ ಎಲ್ಲಿ ಕಪ್ಪು ಬಿತ್ತೋ ಅಲ್ಲಿ ಕೆರೆಯೋದು. ಮತ್ತೆ ಬಳಿ, ಮತ್ತೆ ಎತ್ತು, ಮತ್ತೆ ಕೆರೆ. ಕೊನೆಗೆ ಕೋವಿ ಎತ್ತಿ ಕಣ್ಣು ಬಿಟ್ಟರೆ ಗುರಿ ಎದುರಿಗೇ ಇರಬೇಕು. ಬಲಗೈಯವರ ಕೆನ್ನೆ ಮರದ ಎಡಮಗ್ಗುಲಿಗೆ ಕೂರುತ್ತೆ. ಎಡಚರದ್ದು ಬಲಮಗ್ಗುಲಿಗೆ. ಇಷ್ಟು ನೆನಪಿಡಿ ಸಾಕು.

ಜೂನಿ ಬಲಗೈಯವಳು.

ಆ ರಾತ್ರಿ ಎಮರಿ ಬಾವಿ ದಾಟಿ ಬಂದು, ಸೀದಾ ಕೊಟ್ಟಿಗೆಗೆ ಹೋಗಿ ದೀಪ ಹಚ್ಚಿದ. ಅವನು ಕೆಲಸ ಮಾಡೋ ಜಾಗ ಅದು. ಕೋವಿಯ ಮರ ಮೇಜಿನ ವೈಸಿನಲ್ಲಿ ಬಿಗಿದ ಹಾಗೇ ಇತ್ತು. ಬಲಮಗ್ಗುಲಲ್ಲಿ ಒಂದು ಕೆನ್ನೆಯ ಗುರುತು. ಕಪ್ಪಗೆ. ಹಸಿಯಾಗಿ.

ಮಗಳು ಆಟ ಆಡಿದ್ದಾಳೆ ಅಂದುಕೊಂಡ. ಆ ಮಸಿಯನ್ನ ಕೆರೆದು ತೆಗೆದ.

ಅವನು ಮಾಡಿದ ತಪ್ಪು ಅದೇ. ಒರೆಸಬೇಕಿತ್ತು. ನಮ್ಮ ಕೈಗೆ ಅಭ್ಯಾಸ... ಮಸಿ ಕಂಡರೆ ಕೆರೆಯೋದು. ಮಾರನೇ ರಾತ್ರಿ ಮತ್ತೆ ಗುರುತು. ಮತ್ತೆ ಕೆರೆದ. ಹಾಗೇ ನಡೀತು. ದಿನಾ ಕೆರೆದು ಕೆರೆದು ಬಲಮಗ್ಗುಲು ತಗ್ಗಾಯಿತು. ಮರ ತಾನಾಗಿ ಎಡಚನ ಕಡೆಗೆ ತಿರುಗಿಕೊಳ್ತು. ಎಮರಿಯ ಕೈಯಿಂದಲೇ ಮಾಡಿಸಿಕೊಳ್ತು.

ಒಂದು ಸಂಜೆ ಊಟಕ್ಕೆ ಕೂತಿದ್ದಾರೆ. ಜೂನಿ ಚಮಚ ಎತ್ತಿದಳು. ಓಪಲ್ ಕೈಯಲ್ಲಿದ್ದ ತಟ್ಟೆ ಮೇಜಿಗೆ ತಾಗಿ ಠಣ್ ಅಂತು.

"ಜೂನಿ... ಯಾವ ಕೈಯಲ್ಲಿ ತಿಂತಿದ್ದೀಯ?"

"ಈ ಕೈಯಲ್ಲಿ."

"ಅದು ಎಡಗೈ ಕಣೇ."

"ಮೊದಲಿಂದಲೂ ಹೀಗೇ ತಾನೇ ಅಮ್ಮ?" ಅಂತು ಹುಡುಗಿ. ಅಪ್ಪ ಅಮ್ಮ ಇಬ್ಬರೂ ಯಾಕೆ ಹಾಗೆ ನೋಡ್ತಾರೆ ಅಂತ ಅವಳಿಗೆ ನಗು ಬೇರೆ.

ಮಗಳಿಗೆ ಕೋವಿ ಹೊಂದಿಸೋಕೆ ಹೊರಟವನು ಎಮರಿ. ಕೋವಿ ಮಗಳನ್ನೇ ತನಗೆ ಹೊಂದಿಸಿಕೊಳ್ತಿತ್ತು.

ಅವನು ನನ್ನ ಹತ್ತಿರ ಬಂದು ಕೂತ. "ರಸೆಲ್, ಕೊಟ್ಟಿಗೆಗೆ ಬೀಗ ಹಾಕ್ದೆ. ಮಸಿ ಬರುತ್ತೆ. ದೀಪಾನೇ ಒಡೆದು ಹಾಕ್ದೆ ಕಣೋ. ಆದ್ರೂ ಬರುತ್ತೆ. ಏನ್ ಮಾಡ್ಲಿ ಹೇಳು?"

ಅವತ್ತು ರಾತ್ರಿ ಅವನ ಜೊತೆ ಕಾವಲು ಕೂರೋಕೆ ಹೋದೆ. ಕೊಟ್ಟಿಗೆಯಲ್ಲಿ ಹಲಗೆ ರಾಶಿಯ ಹಿಂದೆ, ಕತ್ತಲೆಯಲ್ಲಿ. ಕಿಟಕಿಯಿಂದ ಒಂದಿಷ್ಟು ಬೆಳದಿಂಗಳು.

"ಕೇಳಿಸ್ತಾ?" ಅಂದ ಎಮರಿ.

"ಇಲ್ಲ."

"ಜೋರಾಗಿ ಉಸಿರು ಬಿಡಬೇಡ."

"ಬಿಡದೆ ಸಾಯ್ಲಾ?"

"ಶ್..."

ತಪ್... ತಪ್... ಬರಿಗಾಲಿನ ಸದ್ದು. ಹೊರಗಡೆ ಬೀಗ ಇತ್ತು. ನಾನೇ ಎಳೆದು ನೋಡಿದ್ದ ಬೀಗ. ನಾವು ಒಳಗೆ ಬಂದದ್ದು ಹಿಂದಿನ ಕಿಂಡಿಯಿಂದ, ಅದಕ್ಕೆ ನಾನು ಬೆನ್ನು ಕೊಟ್ಟು ಕೂತಿದ್ದೆ. ಆದ್ರೂ ಜೂನಿ ಕೊಟ್ಟಿಗೆಯ ನಡುವೆ ನಿಂತಿದ್ದಳು. ರಾತ್ರಿಯ ಉಡುಪು. ಕಣ್ಣು ಮುಚ್ಚಿತ್ತು. ಎಡಗೆನ್ನೆ... ಕಪ್ಪು.

ಕೋವಿ ಎತ್ತಿದಳು. ಎಡಹೆಗಲಿಗೆ ಕೊಟ್ಟಳು. ಕೆನ್ನೆ ಒರಗಿಸಿದಳು. ಎಡಗೈಯನ್ನ ಕೋವಿಯ ಮೇಲಿಂದ ಆಚೆ ಚಾಚಿ ಬೋಲ್ಟ್ ಎಳೆದಳು.

ಕ್ಲಕ್... ಟಕ್.

ಹಾಗೆ ಎಳೆಯೋದನ್ನ ನನ್ನ ಜೀವಮಾನದಲ್ಲಿ ಒಬ್ಬನಲ್ಲಿ ಮಾತ್ರ ನೋಡಿದ್ದೆ. ಆ ಹುಡುಗಿ ಅವನನ್ನ ಕಂಡೇ ಇರಲಿಲ್ಲ. ಅವಳು ಹುಟ್ಟೋಕೆ ಮೊದಲೇ ಅವನು ಹೋಗಿದ್ದ.

ಆಮೇಲೆ ಅವಳ ಹಿಂದಿನಿಂದ... ಫೂ... ಫೂ. ಅವಳ ಕಿವಿ ಹತ್ತಿರದ ಕೂದಲು ಹಾರಿತು. ಹಿಂದೆ ಯಾರೂ ಇರಲಿಲ್ಲ. ಆಣೆ ಮಾಡಿ ಹೇಳ್ತೀನಿ, ಯಾರೂ ಇರಲಿಲ್ಲ.

"ಸೋಮವಾರಕ್ಕೆ ಸರಿಯಾಗುತ್ತೆ" ಅಂದಳು ಜೂನಿ. ದನಿ ಅವಳದ್ದೇ. ಗಂಡಸಿನ ದನಿ ಬಂದಿದ್ರೆ ನನಗೆ ಅಷ್ಟು ಭಯ ಆಗ್ತಿರಲಿಲ್ಲ.

"ಮಗಳೇ..." ಅಂದ ಎಮರಿ.

ಅವಳು ಕಣ್ಣು ಬಿಟ್ಟಳು. "ಅಪ್ಪ, ಚಳಿ ಆಗ್ತಿದೆ."

ಎತ್ತಿಕೊಂಡ. ಅಷ್ಟು ದೊಡ್ಡ ಹುಡುಗಿಯನ್ನ ಹಸುಗೂಸಿನ ಹಾಗೆ ಎದೆಗೊತ್ತಿಕೊಂಡು ಅತ್ತ. ನಾನು ನೋಡದವನ ಹಾಗೆ ಆ ಕಡೆ ತಿರುಗಿ ನಿಂತೆ.

ಸುಟ್ಟುಬಿಡೋಣ ಅಂದೆ ನಾನು. ಓಪಲ್ ಬಿಡಲಿಲ್ಲ. "ಅವಳ ಕೆನ್ನೆ ಆ ಮರದ ಮೇಲೆ ಅಚ್ಚಾಗಿದೆ ರಸೆಲ್. ಸುಟ್ರೆ ಇವಳಿಗೆ ಏನಾಗುತ್ತೋ ಯಾರಿಗೆ ಗೊತ್ತು? ಅವನದ್ದನ್ನ ಅವನಿಗೇ ಕೊಟ್ಟುಬಿಡಿ."

ಮಿಕ್ಕಿದ್ದ ಹಲಗೆಗಳಲ್ಲಿ ಎಮರಿ ಒಂದು ಪೆಟ್ಟಿಗೆ ಮಾಡಿದ. ಆಳುದ್ದಕ್ಕೆ ಮರ ಸಾಲಲಿಲ್ಲ, ಮಗುವಿನ ಪೆಟ್ಟಿಗೆಯಷ್ಟೇ ಆಯಿತು. ಅದನ್ನ ನೋಡಿ ಓಪಲ್ ಮುಖ ಮುಚ್ಚಿಕೊಂಡಳು. ಕೋವಿಯ ಮರವನ್ನ ನಳಿಗೆಯಿಂದ ಬಿಚ್ಚಿ, ಕ್ಲೈಡನ ಟೋಪಿ ಜೊತೆ ಪೆಟ್ಟಿಗೆಯಲ್ಲಿಟ್ಟು, ಬೇಟೆಯ ಹಿಂದಿನ ದಿನ, ಭಾನುವಾರ ಸಂಜೆ ಅದೇ ಗುಂಡಿಗೆ ಇಳಿಸಿದ್ವಿ. ಪಾದ್ರಿಯನ್ನ ಕರೆಯಲಿಲ್ಲ. ಕರೆದು ಏನಂತ ಹೇಳೋದು?

ಎಮರಿ ಒಂದೇ ಮಾತು ಹೇಳಿದ. "ಅಣ್ಣ, ನಿನ್ನ ಮರ ನಿನಗೆ. ತಪ್ಪಾಯ್ತು. ನನ್ನ ಮಗಳನ್ನ ಬಿಟ್ಟುಬಿಡು."

ಮಣ್ಣು ಎಳೆದು, ಮೇಲೆ ಕಲ್ಲು ಜೋಡಿಸಿದ್ವಿ.

ಆ ರಾತ್ರಿ ಓಪಲ್ ಮಗಳ ಕೈಗೂ ತನ್ನ ಕೈಗೂ ಸೇರಿಸಿ ಒಂದು ಬಟ್ಟೆ ಕಟ್ಟಿಕೊಂಡು ಮಲಗಿದಳು. ಎಮರಿ ಬಾಗಿಲಿಗೆ ಅಡ್ಡ. ನಾನು ಅಡಿಗೆಮನೆಯಲ್ಲಿ, ಕಾಫಿ ಮೇಲೆ ಕಾಫಿ.

ಬೇಟೆ ಶುರುವಾಗೋ ದಿನ ಬೆಳಕು ಹರಿದರೆ ಗುಡ್ಡದ ತುಂಬ ಗುಂಡಿನ ಸದ್ದು, ಗೊತ್ತಲ್ಲ. ಆದ್ರೆ ಇನ್ನೂ ಗಾಢ ಕತ್ತಲೆ ಇದ್ದಾಗ, ಬಾವಿಯ ಕಡೆಯಿಂದ ಒಂದು ಬಂತು.

ಢಂ.

ಒಂದೇ. ಅದರ ಹಿಂದೆಯೇ... ಕ್ಲಕ್... ಟಕ್.

ಅಷ್ಟು ದೂರದ ಬೋಲ್ಟಿನ ಸದ್ದು ಕೇಳಿಸೋಕೆ ಸಾಧ್ಯ ಇಲ್ಲ. ಅದು ನನಗೂ ಗೊತ್ತು. ಕೇಳಿಸ್ತು.

ಕೋಣೆಗೆ ಓಡಿದ್ವಿ. ಓಪಲ್ ಎದ್ದು ಕೂತಿದ್ದಳು. ಕಟ್ಟಿದ ಬಟ್ಟೆ ಕಟ್ಟಿದ ಹಾಗೇ ಇತ್ತು. ಜೂನಿ ನಿದ್ದೆಯಲ್ಲಿದ್ದಳು, ಬಾಯಿ ಸ್ವಲ್ಪ ತೆರೆದು, ಮಕ್ಕಳು ಮಲಗೋ ಹಾಗೆ. ಎಡಗೆನ್ನೆಯ ತುಂಬ ಮಸಿ. ಬೆಳಗಾದ ಮೇಲೆ ಹೋಗಿ ನೋಡಿದ್ವಿ. ಜೋಡಿಸಿದ ಕಲ್ಲು ಒಂದೂ ಅಲುಗಿರಲಿಲ್ಲ.

ಅವತ್ತು ತಿಂಡಿಯನ್ನ ಜೂನಿ ಬಲಗೈಯಲ್ಲೇ ತಿಂದಳು. ಆಮೇಲೆ ಎಂದೂ ಕೈ ಬದಲಾಗಲಿಲ್ಲ. ಓಪಲ್ ದೇವರಿಗೆ ಕೈಮುಗಿದಳು. ಮುಗೀತು ಅಂದ್ಕೊಂಡ್ವಿ.

ಮಾರನೇ ವರ್ಷ ಅದೇ ಸೋಮವಾರ ಮತ್ತೆ ಮಸಿ. ಅದರ ಮಾರನೇ ವರ್ಷವೂ.

ಈಗ ಜೂನಿ ದೊಡ್ಡವಳು. ಮದುವೆಯಾಗಿ ನದಿಯ ಆಚೆ ಇದ್ದಾಳೆ, ಶಾಲೆಯ ಬಸ್ಸು ಓಡಿಸ್ತಾಳೆ. ಅವಳಿಗೆ ಇದು ಒಂದೂ ಗೊತ್ತಿಲ್ಲ. ಎಮರಿ ಹೇಳಿಲ್ಲ. ಪ್ರತಿವರ್ಷ ಬೇಟೆಯ ಮೊದಲ ದಿನ, ಕತ್ತಲಿರುವಾಗಲೇ ಅವಳ ಮನೆಗೆ ಹೋಗ್ತಾನೆ. ಅಳಿಯ ಬಾಗಿಲು ತೆಗೀತಾನೆ. ಮುದುಕನಿಗೆ ಏನೋ ಹರಕೆ ಇರಬೇಕು ಅಂತ ಅವನ ಎಣಿಕೆ. ಎಮರಿ ಬಿಸಿನೀರಲ್ಲಿ ಬಟ್ಟೆ ಅದ್ದಿ, ಮಗಳಿಗೆ ಎಚ್ಚರ ಆಗದ ಹಾಗೆ ಕೆನ್ನೆ ಒರೆಸಿ ಬರ್ತಾನೆ. ಅವನ ಕೈಯಲ್ಲಿ ಆಗೋದು ಅಷ್ಟೇ. ಕೆರೆಯಲ್ಲ. ಒರೆಸ್ತಾನೆ.

ಹೋದ ವರ್ಷ ಅಲ್ಲಿಂದ ಸೀದಾ ನಮ್ಮನೆಗೆ ಬಂದ. ಕಪ್ಪಾದ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ನಾನೇ ಇಸಕೊಂಡು, ಮೂಸಿ ನೋಡಿದೀನಿ. ಸೀಮೆಎಣ್ಣೆ ದೀಪದ ಮಸಿ. ಆ ಮನೆಯಲ್ಲಿ ದೀಪವೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ಸುಳ್ಳಾದ್ರೆ ಈ ಒಲೆಯ ಮೇಲೆ ಕೈ ಇಡ್ತೀನಿ.

"ರಸೆಲ್, ಇನ್ನೊಂದು ಬಟ್ಟೆ ಇದೆಯಾ?" ಅಂದ.

"ಯಾಕೋ?"

ಜೂನಿಗೆ ಬೇಸಿಗೆಯಲ್ಲಿ ಮಗು ಆಗಿತ್ತು. ಬೇರೆ ಕೋಣೆಯಲ್ಲಿ, ತೊಟ್ಟಿಲಲ್ಲಿ ಮಲಗುತ್ತೆ.

"ಮಗೂದೂ ಒರೆಸಿ ಬಂದೆ. ಮುಂದಿನ ವರ್ಷದಿಂದ ಎರಡು ಬೇಕಾಗುತ್ತೆ" ಅಂದ.