ಒಲೆಗೆ ಹೋದ ಬೆಲ್ಟು

ರಾಮನಗರದ ಮಿಷನ್ ಬೆಲ್ಟ್ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸಿನ ಕೈಗಳು ಬಿಸಿನೀರಿಗೆ ಬೆಳ್ಳಗೆ ಸುಕ್ಕಾಗಿದ್ದವು.

“ನೂಲು ಬಿಚ್ಚೋ ಮಿಷನ್ ಬೆಲ್ಟ್ ಕಿತ್ತೋಯ್ತು, ಇಮಾಮ್ ಸಾಬ್ರೆ. ರೇಷ್ಮೆ ಗೂಡು ಬಿಸಿನೀರಲ್ಲೇ ಐತೆ.”

“ಬೆಲ್ಟಿನ ನಂಬರ್ ಹೇಳು, ಲತಾಮಣಿ,” ಎಂದರು ಅಂಗಡಿಯ ಸಾಬರು.

“ಅಳಿಸೋಗಿತ್ತು.”

“ಹಳೇ ಬೆಲ್ಟ್ ಕೊಡು, ಅಳೀತೀನಿ.”

“ಉರಿ ಸಾಲ್ದು ಅಂತ ಒಲೆಗೆ ಹಾಕ್ಬುಟ್ಟೆ.”

“ಒಸಿ ಉದ್ದ ಆದ್ರೆ ಜಾರ್ತದೆ, ಗಿಡ್ಡ ಆದ್ರೆ ಕೂರಲ್ಲ. ಹೋಗಿ ಚಕ್ರದ ಸುತ್ತ ದಾರ ಹಿಡಿದು ಅಳ್ಕೊಂಬಾ.”

“ಹೋಗಿ ಬರೋಷ್ಟರಲ್ಲಿ ಗೂಡೆಲ್ಲ ಬೆಂದು ಮುದ್ದೆಯಾಯ್ತದೆ.”

ಸಾಬರು ಗೂಟದಿಂದ ಮೂರು ಬೆಲ್ಟ್ ಇಳಿಸಿದರು. “ಕೂತಿದ್ದನ್ನ ಇಟ್ಕೊ. ಮಿಕ್ಕಿದ್ದು ವಾಪಸ್ ತಾ.”

“ಒಂದೂ ಕೂರದಿದ್ರೆ?”

ಸಾಬರು ನನ್ನತ್ತ ತಿರುಗಿದರು. ಅವಳು ಬೆಲ್ಟುಗಳನ್ನು ಹೆಗಲಿಗೆ ಹಾಕಿಕೊಂಡು, ಫೋನು ಕಿವಿಗಿಟ್ಟು ಮೆಟ್ಟಿಲಿಳಿದಳು.

“ಧನು ಮಗಾ, ಚಕ್ರ ಕೈಲೇ ತಿರುಗಿಸ್ತಾ ಇರವ್ವ. ಕೈ ಸೋತ್ರೂ ನಿಲ್ಲಿಸಬ್ಯಾಡ.”