ಇಪ್ಪತ್ತೇಳನೇ ಪುಟದ ತಪ್ಪು

ಸಮ್ಮೇಳನದ ಕಾಫಿ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಸಂಶೋಧಕಿಯರು ನಿಂತಿದ್ದರು. ಹಿರಿಯವಳ ಕಂಕುಳಲ್ಲಿ ಮೂಲೆ ಸವೆದ ನೋಟ್‌ಬುಕ್ಕಿತ್ತು.

"ಅಕ್ಕ, ನಮ್ಮ ಗೈಡು ಈಗ ಓದೋ ಪೇಪರು ನಿಮ್ಮದೇ ಅಲ್ವಾ?"

"ನನ್ನದೇ. ಹೆಸರು ಮಾತ್ರ ಅವರದು. ನನ್ನನ್ನ ಲ್ಯಾಬಿಂದ ಹೊರಗೆ ಹಾಕಿದ ದಿನ ಕರಡನ್ನ ತಮ್ಮ ಹತ್ರಾನೇ ಇಟ್ಟುಕೊಂಡ್ರು."

"ಮತ್ತೆ ಇಷ್ಟು ತಣ್ಣಗಿದ್ದೀರಲ್ಲ!"

"ಅದರಲ್ಲೊಂದು ತಪ್ಪಿದೆ ಕಣೇ. ನಮ್ಮ ವಿಷಯದ ಮೊದಲನೇ ಪಾಠ ಏನು ಹೇಳು?"

"ಸಂದೇಶ ಬರ್ತಾ ಇದ್ದ ಹಾಗೇ ಕೋಡ್ ಮಾಡಿ ಕಳಿಸಬೇಕು. ಮುಂದೇನು ಬರುತ್ತೆ ಅಂತ ಕಾಯೋ ಹಾಗಿಲ್ಲ."

"ಇಪ್ಪತ್ತೇಳನೇ ಪುಟದ ಲೆಕ್ಕದಲ್ಲಿ ನಾನು ಇನ್ನೂ ಬಂದಿರದ ಮುಂದಿನ ಅಕ್ಷರಾನ ಮೊದಲೇ ಬಳಸಿಬಿಟ್ಟಿದ್ದೆ. ಹೊರಗೆ ಬಂದ ಮಾರನೇ ವಾರ ಗೊತ್ತಾಯ್ತು. ಆ ಲೆಕ್ಕ ಬಿದ್ರೆ ಇಡೀ ಪೇಪರೇ ಬೀಳುತ್ತೆ."

"ಅವರಿಗೆ ಹೇಳಲಿಲ್ವಾ?"

"ಕದ್ದ ಮಾಲಿಗೆ ಗ್ಯಾರಂಟಿ ಬೇರೆ ಕೊಡಬೇಕಾ? ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡು ಕಾದಿದ್ದೀನಿ. ಇವತ್ತು ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳ್ತೀನಿ."

ಒಳಗೆ ಗಂಟೆ ಬಾರಿಸಿದರು. ಹಿರಿಯವಳು ಕಾಫಿ ತೆಗೆದುಕೊಳ್ಳದೆ ಸಾಲು ಬಿಟ್ಟಳು. ಕಿರಿಯವಳು ಅವಳ ತೋಳು ಹಿಡಿದಳು.

"ಅಕ್ಕ, ಆ ತಪ್ಪು ನಿಮ್ಮದೇ ಅಂತ ಅವರು ಎಲ್ಲರ ಮುಂದೆ ಹೇಳಿಬಿಟ್ರೆ?"

"ಹೇಳಲಿ ಅಂತಾನೇ ಕಣೇ ನಾನು ಮುಂದಿನ ಸಾಲಲ್ಲಿ ಕೂರೋದು. ತಪ್ಪು ನನ್ನದು ಅಂದ್ರೆ ಪೇಪರು ಯಾರದು?"